ಅಂತೆಕಂತೆಗಳ ನಡುವೆ ಸಾಕ್ಷ್ಯ ಹುಡುಕುವ ಬಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಕೇರಿಯ ಭಾವ ಒಬ್ಬರು ಮೊಬೈಲ್ ಹಿಡಿದುಕೊಂಡು ಜಗುಲಿಗೆ ಬಂದು, ‘ನಮ್ಮಲ್ಲಿ ಇಪ್ಪಂಥದ್ದೇ ಅಲ್ಲೂ ಇದ್ದಡ, ನೋಡು ಭಾವಾ’ ಎಂದರು. ತೆರೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವಾಗ ಸಿಗುವ, ಶಾಲ್ಮಲಾ ನದಿಯ ಸಹಸ್ರಲಿಂಗ. ಇನ್ನೊಂದು ಕಾಂಬೋಡಿಯಾದ ಕ್ಬಾಲ್ ಸ್ಪಿಯನ್ ಎಂಬ ಹೊಳೆ. ಎರಡರಲ್ಲಿಯೂ ಹರಿಯುವ ನೀರಿನ ಅಡಿಯ ಬಂಡೆಗಳಲ್ಲಿ ಸಾಲುಸಾಲು ಲಿಂಗಗಳು. ಚಿತ್ರಗಳ ಕೆಳಗೆ, ಹನ್ನೆರಡು ಸಾವಿರ ವರ್ಷಗಳ ಹಿಂದೆ ಮುಳುಗಿಹೋದ ಒಂದೇ ನಾಗರಿಕತೆ ಇವೆರಡನ್ನೂ ಯಂತ್ರಗಳಿಂದ ಕೊರೆದಿದೆ, ಇದನ್ನು ಪುರಾತತ್ವದವರು ಮುಚ್ಚಿಟ್ಟಿದ್ದಾರೆ ಎಂದು ಬರೆದಿತ್ತು.

ಭಾವನ ಮಾತಿನಲ್ಲಿ ‘ಇದ್ದು’ ಎಂಬುದರ ಬೆನ್ನಿಗೆ ‘ಅಡ’ ಇತ್ತು. ಹವ್ಯಕರ ‘ಅಡ’ ಎಂದರೆ ಉಳಿದ ಕನ್ನಡಿಗರ ‘ಅಂತೆ’. ನಾನು ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ ಎಂಬುದನ್ನು ಒಂದೇ ಪ್ರತ್ಯಯದಲ್ಲಿ ಹೇಳಿ ಮುಗಿಸುವ ಅನುಕೂಲ ನಮ್ಮ ಭಾಷೆಯಲ್ಲಿದೆ. ಮೊಬೈಲಿನ ಸಂದೇಶದಲ್ಲಿ ಆ ‘ಅಡ’ ಇರಲಿಲ್ಲ. ಎಲ್ಲ ವಾಕ್ಯಗಳೂ ‘ಇದೆ’, ‘ಆಗಿದೆ’ ಎಂದೇ ಮುಗಿದಿದ್ದವು. ಪ್ರಾಚೀನ ನಾಗರಿಕತೆಗಳ ಕುರಿತು ಬರುವ ಯಾವ ಮಾತನ್ನಾದರೂ ಪರೀಕ್ಷಿಸುವವರು ಮಾಡಬೇಕಾದ ಕೆಲಸದ ಬಹುಪಾಲು, ಈ ‘ಅಂತೆ’ ಎಲ್ಲಿ ಕಳಚಿಬಿತ್ತು ಎಂದು ಹುಡುಕುವುದೇ ಆಗಿದೆ. ಅದನ್ನು ಹೇಗೆ ಮಾಡಬಹುದು ಎಂಬುದನ್ನು, ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸದಿಂದ ಹಿಡಿದು ಸ್ಥಳಕ್ಕೆ ಹೋಗಿ ಮಾಡಬೇಕಾದ ಕೆಲಸದವರೆಗೆ, ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಸಂದೇಶವನ್ನು ಬಿಡಿಸಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು, ಬಂದ ಸಂದೇಶದಲ್ಲಿ ಎಷ್ಟು ಹೇಳಿಕೆಗಳಿವೆಯೋ ಅಷ್ಟನ್ನೂ ಒಂದೊಂದು ಸಾಲಿನಲ್ಲಿ ಬೇರೆಬೇರೆಯಾಗಿ ಬರೆಯಿರಿ. ಭಾವ ತಂದ ಸಂದೇಶದಲ್ಲಿ ಐದು ಇದ್ದವು. ಎರಡೂ ಕಡೆ ನದಿಯ ಬಂಡೆಗಳಲ್ಲಿ ಲಿಂಗಗಳಿವೆ, ಎರಡನ್ನೂ ಒಂದೇ ಜನ ಕೆತ್ತಿದರು, ಹನ್ನೆರಡು ಸಾವಿರ ವರ್ಷಗಳಾದವು, ಯಂತ್ರ ಬಳಸಿದರು, ವಿಷಯವನ್ನು ಮುಚ್ಚಿಡಲಾಗಿದೆ. ಇವುಗಳಲ್ಲಿ ಮೊದಲನೆಯದು ನಿಜ, ಯಾರು ಬೇಕಾದರೂ ಹೋಗಿ ನೋಡಬಹುದು. ಉಳಿದ ನಾಲ್ಕೂ ಅದರ ಹೆಗಲೇರಿ ಬಂದಿವೆ. ಇಂಥ ಬರಹಗಳ ರಚನೆ ಹೆಚ್ಚುಕಡಿಮೆ ಯಾವಾಗಲೂ ಹೀಗೆಯೇ ಇರುತ್ತದೆ: ಪರೀಕ್ಷೆಗೆ ನಿಲ್ಲುವ ಒಂದು ಸಂಗತಿ ಮುಂದೆ, ನಿಲ್ಲದವು ಅದರ ಹಿಂದೆ.

ಬಿಡಿಸಿದ ಮೇಲೆ ಪ್ರತಿಯೊಂದು ಸಾಲಿಗೂ ಎದುರಾಗಿ ಗೊತ್ತಿರುವುದನ್ನು ಬರೆಯುತ್ತ ಹೋದರೆ ಅರ್ಧ ಕೆಲಸ ಮುಗಿಯುತ್ತದೆ. ಕ್ಬಾಲ್ ಸ್ಪಿಯನ್ ಇರುವುದು ಅಂಕೋರ್ ಸಮೀಪದ ಕುಲೆನ್ ಬೆಟ್ಟಗಳಲ್ಲಿ. ಅಲ್ಲಿನ ಕೆತ್ತನೆಗಳ ಮುಖ್ಯ ಭಾಗ 11ನೆಯ ಶತಮಾನದ್ದು, ಖಮೇರ್ ಅರಸರ ಕಾಲದ್ದು. ಅಲ್ಲಿಯೇ ಶಾಸನಗಳಿವೆ, ಲಿಂಗಗಳ ಜೊತೆಗೆ ಶೇಷಶಾಯಿಯಾದ ವಿಷ್ಣುವಿನ ಕೆತ್ತನೆಯೂ ಇದೆ. ನಮ್ಮ ಸಹಸ್ರಲಿಂಗವನ್ನು ಸ್ವಾದಿಯ, ಅಂದರೆ ಸೋಂದೆಯ, ಅರಸರೊಂದಿಗೆ, ಹೆಚ್ಚಾಗಿ ಸದಾಶಿವರಾಯನ ಹೆಸರಿನೊಂದಿಗೆ, ಸೇರಿಸಿ ಹೇಳುವುದು ರೂಢಿ. ಆ ರೂಢಿಯನ್ನು ಒಪ್ಪಿದರೆ ಎರಡರ ನಡುವೆ ಆರು ಶತಮಾನಗಳ ಅಂತರ ಬೀಳುತ್ತದೆ. ಹಾಗೆಂದು ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಶೈವ ಮತವೂ ಸಂಸ್ಕೃತವೂ ಕಡಲ ವ್ಯಾಪಾರದ ದಾರಿ ಹಿಡಿದು ಆಗ್ನೇಯ ಏಷ್ಯಾವನ್ನು ತಲುಪಿದ್ದಕ್ಕೆ 5-6ನೆಯ ಶತಮಾನಗಳಿಂದಲೇ ಅಲ್ಲಿನ ಶಿಲಾಶಾಸನಗಳು ಸಾಕ್ಷಿ ಹೇಳುತ್ತವೆ. ಹರಿಯುವ ನೀರೇ ಲಿಂಗಕ್ಕೆ ಅಭಿಷೇಕವಾಗಲಿ ಎಂಬ ಆಲೋಚನೆ ಒಂದೇ ಪೂಜಾಪದ್ಧತಿಯ ಇಬ್ಬರು ಭಕ್ತರಿಗೆ ಬೇರೆಬೇರೆ ಕಾಲದಲ್ಲಿ ಹೊಳೆಯುವುದಕ್ಕೆ ಮುಳುಗಿದ ಖಂಡ ಬೇಕಾಗಿಲ್ಲ.

ಸ್ಥಳಪುರಾಣಗಳನ್ನು ಈ ಪಟ್ಟಿಯಲ್ಲಿ ಸೇರಿಸಬೇಡಿ. ಅವುಗಳದ್ದು ಬೇರೆಯ ದಾರಿ. ಯಾಣದ ಕಲ್ಲು ಕಪ್ಪಾಗಿರುವುದು ಭಸ್ಮಾಸುರ ಅಲ್ಲಿ ಉರಿದುಹೋದದ್ದರಿಂದ ಎಂದು ನಮ್ಮ ಅಜ್ಜಿಯಂದಿರು ಹೇಳಿದ್ದು ಪುರಾಣವಾಗಿ. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂದು ಗಾದೆ ಮಾಡಿದ ಜನರಿಗೆ ಪುರಾಣವೆಂದರೇನು, ದಾರಿಖರ್ಚೆಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ತೊಂದರೆ ಶುರುವಾಗುವುದು, ಅದೇ ಕಥೆಯ ಬೂದಿಯನ್ನು ತೆಗೆದುಕೊಂಡು ಪುರಾತನ ಅಣುಸ್ಫೋಟದ ಕುರುಹು ಎಂದು ಬರೆದಾಗ. ಆಗ ಅದು ಪುರಾಣವಾಗಿ ಉಳಿಯದೆ ಕಲ್ಲಿನ ಬಗೆಗಿನ ಹೇಳಿಕೆಯಾಗುತ್ತದೆ, ಮತ್ತು ಕಲ್ಲನ್ನು ಕೇಳಬಹುದು. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರ್ ಎತ್ತರದ ಮೋಹಿನಿ ಶಿಖರವೂ ಸ್ಫಟಿಕೀಯ ಸುಣ್ಣಕಲ್ಲಿನವು; ಸುಣ್ಣಕಲ್ಲನ್ನು ಮಳೆನೀರು ಕರಗಿಸಿ ಚೂಪು ಮಾಡುವ ಕ್ರಿಯೆ ಭೂವಿಜ್ಞಾನದ ಮೊದಲ ಪಾಠಗಳಲ್ಲಿಯೇ ಬರುತ್ತದೆ.

ಮೊದಲು ಹೇಳಿದವರು ಯಾರು ಎಂದು ಹಿಂದಕ್ಕೆ ಹೋಗಿ

ಎರಡನೆಯ ಹೆಜ್ಜೆ ಹೊಳೆಯ ಮೂಲ ಹುಡುಕಿಕೊಂಡು ಘಟ್ಟ ಹತ್ತುವುದರಂತೆ. ಸಂದೇಶಕ್ಕೆ ಮೊದಲು ಯಾವ ವಿಡಿಯೊ, ಅದಕ್ಕೆ ಮೊದಲು ಯಾವ ಪುಸ್ತಕ, ಅದಕ್ಕೂ ಮೊದಲು ಯಾವ ಅಗೆತದ ವರದಿ ಎಂದು ಕೇಳುತ್ತ ಹೋಗಬೇಕು. ಮೊಹೆಂಜೊ-ದಾರೊ ಅಣುಬಾಂಬಿನಿಂದ ಹಾಳಾಯಿತು ಎಂಬ ಮಾತನ್ನೇ ತೆಗೆದುಕೊಳ್ಳಿ. ಇದನ್ನು ಪುಸ್ತಕವಾಗಿ ಪ್ರಚಾರಕ್ಕೆ ತಂದದ್ದು 1979ರಲ್ಲಿ ಇಟಲಿಯಲ್ಲಿ. ಬೀದಿಯಲ್ಲಿ ಕೈಕೈ ಹಿಡಿದು ಬಿದ್ದ ಅಸ್ಥಿಪಂಜರಗಳು ಮತ್ತು ಅವುಗಳಲ್ಲಿನ ವಿಕಿರಣ ಎಂಬುವು ಈ ವಾದದ ಎರಡು ಕಾಲುಗಳು. ವಿಕಿರಣದ ಮಾತಿಗೆ ಯಾವ ಪ್ರಯೋಗಾಲಯದ ವರದಿಯೂ ಇಲ್ಲ. ಒಂದು ಪುಸ್ತಕ ಇನ್ನೊಂದನ್ನು, ಅದು ಮತ್ತೊಂದನ್ನು ತೋರಿಸುತ್ತ ಕೊನೆಗೆ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಂತಾಗುತ್ತದೆ.

ಅಸ್ಥಿಪಂಜರಗಳು ಮಾತ್ರ ನಿಜ, ಮತ್ತು ಅವುಗಳ ಕಥೆ ಇನ್ನೂ ಸ್ವಾರಸ್ಯದ್ದು. 1940ರ ದಶಕದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರೇ ಆಗಿದ್ದ ಮಾರ್ಟಿಮರ್ ವೀಲರ್, ಇವು ಹೊರಗಿನಿಂದ ಬಂದ ಆರ್ಯರ ದಾಳಿಯಲ್ಲಿ ಸತ್ತವರವು ಎಂದು ಬರೆದಿದ್ದರು. ಅದನ್ನು 1964ರಲ್ಲಿ ಜಾರ್ಜ್ ಡೇಲ್ಸ್ ಎಂಬ ಅಮೆರಿಕದ ಪುರಾತತ್ವಜ್ಞ ಅಗೆತದ ದಾಖಲೆಗಳನ್ನೇ ತೆರೆದು ಪರಿಶೀಲಿಸಿದರು. ಸುಮಾರು 37 ಅಸ್ಥಿಪಂಜರಗಳು ಒಂದೇ ಕಾಲದ ಪದರದಲ್ಲಿ ಇರಲಿಲ್ಲ; ಕೋಟೆಯ ಭಾಗದಲ್ಲಿ, ಅಂದರೆ ಕಾಳಗ ನಡೆಯಬೇಕಾಗಿದ್ದ ಜಾಗದಲ್ಲಿ, ಒಂದೂ ಇರಲಿಲ್ಲ. ಹೀಗೆ ದೊಡ್ಡ ವಿದ್ವಾಂಸರೊಬ್ಬರ ಮಾತು ಬಿದ್ದುಹೋಯಿತು. ಆದರೆ ಬಿದ್ದ ಕಥೆಯ ಎಲುಬುಗಳನ್ನೇ ಎತ್ತಿಕೊಂಡು ಹದಿನೈದು ವರ್ಷಗಳ ನಂತರ ಅಣುಬಾಂಬಿನ ಕಥೆ ಎದ್ದಿತು. ಅಷ್ಟು ದೊಡ್ಡ ಸ್ಫೋಟವಾದ ಊರಿನಲ್ಲಿ ಇಟ್ಟಿಗೆಯ ಗೋಡೆಗಳು ಆಳೆತ್ತರ ಮೀರಿ ನಿಂತಿರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಮೂಲ ಹುಡುಕುವಾಗ ಹೇಳಿದವರ ಪದವಿಯನ್ನು ನೋಡಬೇಡಿ ಎನ್ನುವುದಕ್ಕೆ ವೀಲರ್ ಅವರ ಉದಾಹರಣೆ ಸಾಕು. ಹೇಳಿದ್ದನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸುವ ದಾರಿಯನ್ನು ತೆರೆದಿಟ್ಟಿದ್ದಾರೆಯೇ ಎಂಬುದನ್ನು ನೋಡಿ.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ವಿಶೇಷ ಸೂಚನೆ. ಊರಿನ ಶಾಸನ ಹುಡುಕಲು ಹೊರಟವರು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಹಳೆಯ ಸಂಪುಟಗಳನ್ನು ತಿರುವಿ, ಸಿಗಲಿಲ್ಲವೆಂದು ಕೈಚೆಲ್ಲುವುದುಂಟು. ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು. ಆದ್ದರಿಂದ ದಕ್ಷಿಣ ಭಾರತೀಯ ಶಾಸನಗಳ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ, ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಮತ್ತು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಲ್ಲಿ ಹುಡುಕಬೇಕು. ಬನವಾಸಿಯ ಪಕ್ಕದ ತಾಳಗುಂದ ಮಾತ್ರ ಶಿಕಾರಿಪುರ ತಾಲೂಕಾದ್ದರಿಂದ ರೈಸ್ ಅವರಲ್ಲಿಯೇ ಸಿಗುತ್ತದೆ.

ಸಿಕ್ಕ ಜಾಗ, ಸಿಕ್ಕ ಪದರ, ಜೊತೆಗೆ ಸಿಕ್ಕಿದ್ದು

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಹೆಚ್ಚಿನ ಕಟ್ಟುಕಥೆಗಳು ಕಾಲು ಮುರಿದುಕೊಳ್ಳುವುದು ಇಲ್ಲಿಯೇ.

ಕಾರವಾರದ ಬೈತಖೋಲ ಬಂದರಿನಿಂದ ಹೋದ ಟ್ರಾಲ್ ಬೋಟೊಂದರ ಬಲೆಯಲ್ಲಿ ಮೀನಿನ ಜೊತೆ ಒಂದು ಮಡಕೆಯ ಕಂಠ ಬಂತು ಎನ್ನಿ. ಬಲೆ ಗಂಟೆಗಟ್ಟಲೆ ಸಮುದ್ರದ ತಳ ಗೀರುತ್ತ ಮೈಲುಗಟ್ಟಲೆ ಹೋಗಿದೆ. ಮಡಕೆ ಎಲ್ಲಿ ಸೇರಿಕೊಂಡಿತು ಎಂದು ತಾಂಡೇಲನಿಗೂ ಹೇಳಲು ಬರುವುದಿಲ್ಲ. ಅದರ ಪಕ್ಕದಲ್ಲಿ ಒಂದು ಮುಳುಗಿದ ಹಡಗಿತ್ತೇ, ಕಾಳಿ ನದಿಯ ನೆರೆಯಲ್ಲಿ ಅದು ಮೊನ್ನೆ ತೇಲಿಬಂದದ್ದೇ, ಯಾರೋ ವಿಸರ್ಜಿಸಿದ ಕಲಶವೇ ಎಂದು ತಿಳಿಯುವ ದಾರಿಯೆಲ್ಲ ಬಲೆ ಎಳೆದ ಕ್ಷಣದಲ್ಲಿ ಮುಚ್ಚಿಹೋಯಿತು. ಮಡಕೆ ನಿಜವಾಗಿಯೂ ಹಳೆಯದೇ ಆಗಿರಬಹುದು. ಆದರೂ ಅದು ಒಂದು ಊರಿನ ಕಥೆ ಹೇಳಲಾರದು.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಆದದ್ದು ದೊಡ್ಡ ಪ್ರಮಾಣದಲ್ಲಿ ಇದೇ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅಲ್ಲಿ ಶಬ್ದದ ಅಲೆಗಳಿಂದ ತಳವನ್ನು ನೋಡುವ ಸೋನಾರ್ ಸಮೀಕ್ಷೆ ನಡೆಸಿದಾಗ ತಳದಲ್ಲಿ ಚೌಕಾಕಾರದ ಆಕೃತಿಗಳು ಕಂಡವೆಂದು 2001ರಲ್ಲಿ ಪ್ರಕಟವಾಯಿತು. ತಳವನ್ನು ಕೆರೆದು ಎತ್ತಿದಾಗ ಬಂದ ವಸ್ತುಗಳಲ್ಲಿ ಒಂದು ಮರದ ತುಂಡಿನ ವಯಸ್ಸು ಸುಮಾರು 9,500 ವರ್ಷ ಎಂದು ಬಂದಿತು. ಮುಳುಗಿದ ಮಹಾನಗರದ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಮರದ ವಯಸ್ಸು ಸರಿಯಿದ್ದೀತು. ಆದರೆ ಆ ಕಾಲದಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ ಕೆಳಗಿತ್ತು, ಈಗ ನೀರಡಿಯಿರುವ ನೆಲದ ಮೇಲೆ ಆಗ ಕಾಡು ಇದ್ದಿರಲು ಅಡ್ಡಿಯಿಲ್ಲ; ಮನುಷ್ಯ ಮನೆ ಕಟ್ಟಿದ್ದಕ್ಕೆ ಮರ ಬೆಳೆದದ್ದು ಸಾಕ್ಷಿಯಾಗುವುದಿಲ್ಲ. ಮೇಲಾಗಿ ಖಂಭಾತ್ ಕೊಲ್ಲಿ ಭರತ-ಇಳಿತಗಳ ಸೆಳೆತ ಬಹಳ ಜೋರಾಗಿರುವ ಜಾಗ. ಕೆರೆದು ಎತ್ತಿದ ವಸ್ತುಗಳು ಒಂದೇ ಪದರದವು ಎಂದು ಹೇಳುವ ಆಧಾರ ಅಲ್ಲಿ ಯಾರ ಕೈಯಲ್ಲಿಯೂ ಇಲ್ಲ.

ಇದರ ಪಕ್ಕದಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಸಿಕ್ಕ ಯಂತ್ರವನ್ನು ಇಟ್ಟು ನೋಡಿ. ಹಿಂದೆಂದೋ ಮುಳುಗಿದ್ದ ಹಡಗೊಂದರಿಂದ 1901ರಲ್ಲಿ ಮೇಲೆ ಬಂದ ತುಕ್ಕುಹಿಡಿದ ಮುದ್ದೆಯಲ್ಲಿ ಕಂಚಿನ ಹಲ್ಲುಚಕ್ರಗಳಿದ್ದವು. ಈಗ ಅವುಗಳಲ್ಲಿ 30 ಚಕ್ರಗಳು ಉಳಿದಿವೆ. ಸೂರ್ಯ ಚಂದ್ರರ ಗತಿಯನ್ನೂ ಗ್ರಹಣಗಳನ್ನೂ ಲೆಕ್ಕ ಹಾಕುವ ಸಾಧನವದು. ಎರಡು ಸಾವಿರ ವರ್ಷಗಳ ಹಿಂದೆ ಹೀಗೊಂದು ಯಂತ್ರವೆಂದರೆ ಯಾರೂ ನಂಬಲಾರರು, ಆದರೂ ವಿದ್ವಾಂಸರು ನಂಬಿದ್ದಾರೆ. ಏಕೆಂದರೆ ಅದು ಒಂಟಿಯಾಗಿ ಬರಲಿಲ್ಲ. ಅದೇ ಹಡಗಿನಲ್ಲಿ ನಾಣ್ಯಗಳಿದ್ದವು, ಜಾಡಿಗಳಿದ್ದವು, ಪ್ರತಿಮೆಗಳಿದ್ದವು, ಯಂತ್ರದ ಮೈಮೇಲೆ ಗ್ರೀಕ್ ಬರಹವೂ ಇತ್ತು. ಸುತ್ತಮುತ್ತಲಿನವರೆಲ್ಲ ಸೇರಿ ಅದರ ಗುರುತು ಹೇಳಿದರು. ವಿಚಿತ್ರವಾದದ್ದನ್ನೆಲ್ಲ ತಳ್ಳಿಹಾಕುವುದು ವಿದ್ವತ್ತಿನ ಸ್ವಭಾವ ಎನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆಯನ್ನೇ ಕೊಡುತ್ತೇನೆ.

ವಯಸ್ಸನ್ನು ಹೇಗೆ ಅಳೆದರು ಎಂದು ಕೇಳಿ

‘ಕಾರ್ಬನ್ ಡೇಟಿಂಗ್ ಪ್ರಕಾರ ಈ ಕಲ್ಲು ಇಪ್ಪತ್ತು ಸಾವಿರ ವರ್ಷ ಹಳೆಯದು’ ಎಂಬ ವಾಕ್ಯ ಕಂಡರೆ ಅಲ್ಲಿಗೇ ಓದು ನಿಲ್ಲಿಸಬಹುದು. ಇಂಗಾಲ-14ರ ಪರೀಕ್ಷೆ ಒಂದು ಕಾಲದಲ್ಲಿ ಜೀವವಿದ್ದ ವಸ್ತುಗಳಿಗೆ ಮಾತ್ರ: ಮರ, ಇದ್ದಿಲು, ಎಲುಬು, ಕಾಳು, ಚಿಪ್ಪು. ಆ ಇಂಗಾಲ ಅರ್ಧಕ್ಕಿಳಿಯಲು ಸುಮಾರು 5,730 ವರ್ಷ ಬೇಕು, ಹೀಗಾಗಿ 50,000 ವರ್ಷಗಳಾಚೆಗೆ ಅದು ಕೆಲಸ ಮಾಡುವುದಿಲ್ಲ. ಕಲ್ಲು ಹುಟ್ಟಿದ ಕಾಲ ಬೇರೆ, ಕೆತ್ತಿದ ಕಾಲ ಬೇರೆ. ಸುಟ್ಟ ಮಡಕೆಗೆ ತಾಪದೀಪ್ತಿ ಎಂಬ ಇನ್ನೊಂದು ವಿಧಾನವಿದೆ. ಪ್ರಾಮಾಣಿಕ ವರದಿಯಲ್ಲಿ ಯಾವ ವಸ್ತು, ಯಾವ ಪದರ, ಯಾವ ಪ್ರಯೋಗಾಲಯ, ಎಷ್ಟು ವರ್ಷಗಳ ಹೆಚ್ಚುಕಡಿಮೆ ಎಂಬ ನಾಲ್ಕು ವಿವರಗಳೂ ಇರುತ್ತವೆ.

ಶಾಸನಗಳಿಗೆ ತಾವೇ ಹೇಳಿಕೊಂಡ ಶಕವರ್ಷವಿದ್ದರೆ ಸುಲಭ. ಇಲ್ಲದಿದ್ದರೆ ಅಕ್ಷರದ ಆಕಾರ ಮತ್ತು ಹೆಸರಿಸಿದ ಅರಸರನ್ನು ನೋಡಿ ಕಾಲ ನಿರ್ಣಯಿಸುತ್ತಾರೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ವರ್ಷವೇ ಇಲ್ಲ, ಕ್ರಿ.ಶ. 450 ಎಂಬುದು ಹೀಗೆ ತೂಗಿ ನೋಡಿ ಬಂದದ್ದು. ತಾಳಗುಂದದಲ್ಲಿ 2013ರ ಅಗೆತದಲ್ಲಿ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಕೈಕಟ್ಟೆಯ) ಮೇಲೆ ಸಿಕ್ಕ ಕನ್ನಡ ಬರಹವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರ ಸುಮಾರಿನದು ಎಂದಾಗ, ಹಲ್ಮಿಡಿಗಿಂತ ಹಳೆಯದು ಎಂಬ ಸುದ್ದಿ ಬಂತು. ಅಕ್ಷರದ ಆಕಾರದಿಂದ ಹೇಳುವ ಕಾಲಕ್ಕೆ ಅರ್ಧ ಶತಮಾನದ ಆಚೀಚೆ ಯಾವಾಗಲೂ ಇರುತ್ತದೆ ಎಂಬುದನ್ನು ತಿಳಿದು ಓದಿದರೆ, ಇದು ಜಗಳವಾಗಿ ಕಾಣದೆ ನಡೆಯುತ್ತಿರುವ ಕೆಲಸವಾಗಿ ಕಾಣುತ್ತದೆ.

ಕರಾವಳಿಯ ಚಿರೆಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕಲ್ಲನ್ನು ಮೆತ್ತಗೆ ಮಾಡಿ ಅಚ್ಚಿಗೆ ಸುರಿಯುವ ವಿದ್ಯೆ ಪುರಾತನರಿಗೆ ಗೊತ್ತಿತ್ತು ಎನ್ನುವವರು ನಮ್ಮ ಕೋಟೆಗೋಡೆಗಳನ್ನು ತೋರಿಸುತ್ತಾರೆ. ಕುಮಟಾದ ಯಾವ ಚಿರೆಕಲ್ಲು ಕ್ವಾರಿಗೆ ಹೋದರೂ ಉತ್ತರ ಸಿಗುತ್ತದೆ: ನೆಲದಿಂದ ಎಬ್ಬಿಸುವಾಗ ಕತ್ತಿಯೇಟಿಗೆ ಸಿಗುವ ಕಲ್ಲು ಗಾಳಿಬಿಸಿಲಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಈ ಗುಣವನ್ನು ಗಮನಿಸಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಗೋಕರ್ಣ, ಸೋಂದೆ, ಬನವಾಸಿಗಳನ್ನು ಹಾದುಹೋದ ಬುಕಾನನ್ ಅವರೇ.

ನೆಂಟರಿಷ್ಟರ ಜೊತೆ ನಿಲ್ಲಿಸಿ ನೋಡಿ

ಒಂದು ಕೆತ್ತನೆಯನ್ನು ಒಂಟಿಯಾಗಿ ತೋರಿಸಿದರೆ ಅದರಲ್ಲಿ ಏನು ಬೇಕಾದರೂ ಕಾಣುತ್ತದೆ. ಒಮ್ಮೆ ನನಗೆ ಒಂದು ಚಿತ್ರ ಬಂದಿತ್ತು: ಕಲ್ಲಿನ ಮೇಲೆ ಮೂರು ಹಂತ, ನಡುವಿನ ಹಂತದಲ್ಲಿ ಗೋಪುರದಂತಹ ಪೆಟ್ಟಿಗೆಯೊಳಗೆ ಕುಳಿತ ಮನುಷ್ಯ, ಅವನ ಎರಡೂ ಕಡೆ ತೇಲುತ್ತಿರುವವರು. ರಾಕೆಟ್ಟಿನೊಳಗಿನ ಗಗನಯಾತ್ರಿ ಎಂದು ಅಡಿಬರಹ. ಶಿರಸಿ, ಸೊರಬದ ಕಡೆಯ ಯಾವ ಊರಿನವರಾದರೂ ಅದನ್ನು ವೀರಗಲ್ಲು ಎಂದು ಗುರುತಿಸುತ್ತಾರೆ. ಕೆಳಗಿನ ಹಂತದಲ್ಲಿ ಕಾಳಗ, ಹೆಚ್ಚಾಗಿ ತುರುಗಳನ್ನು ಬಿಡಿಸಿಕೊಳ್ಳುವ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು. ಮೇಲೆ ಅವನು ಕೈಲಾಸದಲ್ಲಿ ಲಿಂಗದೆದುರು ಕುಳಿತಿರುವುದು. ನೂರು ವೀರಗಲ್ಲುಗಳನ್ನು ನೋಡಿದರೆ ಆ ‘ರಾಕೆಟ್’ ಹೆಚ್ಚಿನವುಗಳಲ್ಲಿ ಸಿಗುತ್ತದೆ, ಎಷ್ಟೋ ಕಲ್ಲುಗಳ ಪಟ್ಟಿಯ ಮೇಲೆ ಸತ್ತವನ ಹೆಸರು, ಊರು, ಯಾವ ಕಾಳಗ ಎಂಬುದು ಕನ್ನಡದಲ್ಲಿಯೇ ಬರೆದಿರುತ್ತದೆ.

ತುದಿಯಲ್ಲಿರುವ ಸೂರ್ಯಚಂದ್ರರ ಗುರುತು ಇನ್ನೂ ಹೆಚ್ಚು ಹಾನಿಗೆ ಕಾರಣವಾಗಿದೆ. ಸೂರ್ಯಚಂದ್ರರು ಇರುವವರೆಗೆ ಈ ದಾನ, ಈ ಕೀರ್ತಿ ಉಳಿಯಲಿ ಎಂಬ ‘ಆಚಂದ್ರಾರ್ಕ’ದ ಚಿತ್ರರೂಪ ಅದು. ಅದನ್ನು ನಿಧಿಯ ನಕ್ಷೆಯೆಂದು ತಿಳಿದು ರಾತ್ರಿ ಹಾರೆ ಹಾಕಿ ಕಲ್ಲು ಕೀಳುವವರು ಇದ್ದಾರೆ. ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪ ಬರಲಿ ಎನ್ನುವ ಶಾಪವಾಕ್ಯವನ್ನೂ ಗುಪ್ತಸಂಕೇತವೆಂದು ಓದುವವರಿದ್ದಾರೆ. ಆ ವಾಕ್ಯ ಕರ್ನಾಟಕದ ಲೆಕ್ಕವಿಲ್ಲದಷ್ಟು ಶಾಸನಗಳ ಕೊನೆಯಲ್ಲಿದೆ, ಇಂದಿನ ಕರಾರುಪತ್ರದ ಕೊನೆಯ ಷರತ್ತಿನ ಹಾಗೆ.

ಯಂತ್ರವಿಲ್ಲದೆ ಇಷ್ಟು ದೊಡ್ಡ ಕೆಲಸ ಹೇಗೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಹುಡುಕಬೇಕು. ಗಿಜಾದ ಪಿರಮಿಡ್ಡಿನ ಬಗ್ಗೆ ಊಹೆ ಮಾಡುವವರು, ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ಸಿಕ್ಕ, ಜೊಂಡಿನ ಹಾಳೆಯ ಮೇಲೆ ಬರೆದ ಪಪೈರಸ್‌ಗಳ ವಿಷಯವನ್ನು ಎತ್ತುವುದೇ ಇಲ್ಲ. ಅವುಗಳಲ್ಲಿ ಖುಫು ಅರಸನ ಕಾಲದ ಮೆರೆರ್ ಎಂಬ ಅಧಿಕಾರಿಯ ದಿನಚರಿ ಇದೆ: ತುರಾದ ಗಣಿಯಲ್ಲಿ ಕಲ್ಲು ಹೇರಿಕೊಂಡದ್ದು, ದೋಣಿಯಲ್ಲಿ ಗಿಜಾಕ್ಕೆ ಸಾಗಿಸಿದ್ದು, ಎಲ್ಲಿ ರಾತ್ರಿ ಕಳೆದದ್ದು. ಅಡಿಕೆ ವಖಾರಿಯ ಕಿರ್ದಿ ಪುಸ್ತಕದಷ್ಟೇ ನೀರಸ. ನನಗಂತೂ ಪಿರಮಿಡ್ಡಿಗಿಂತ ಆ ಕಿರ್ದಿಯೇ ಹೆಚ್ಚು ರೋಮಾಂಚನ ತಂದಿತು.

ಸ್ಥಳಕ್ಕೆ ಹೋಗಿ

ಅಭ್ಯಾಸಕ್ಕೆ ಬನವಾಸಿಯ ಮಧುಕೇಶ್ವರ ದೇವಸ್ಥಾನದ ನಾಗಶಿಲೆ ಉತ್ತಮ. ಐದು ಹೆಡೆಯ ನಾಗನ ಆ ಕಲ್ಲಿನ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವಿದೆ. ಚುಟು ವಂಶದ ಶಾತಕರ್ಣಿಯ ಕಾಲದಲ್ಲಿ ಅರಸುಮಗಳೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದಳೆಂದು ಅದು ಹೇಳುತ್ತದೆ, ಕೆತ್ತಿದ ನಟಕ ಎಂಬ ಶಿಲ್ಪಿಯ ಹೆಸರನ್ನೂ ಹೇಳುತ್ತದೆ. ಶೈವ ದೇವಸ್ಥಾನದ ಆವರಣದಲ್ಲಿ ನಾಗ, ಅದರ ಬರಹದಲ್ಲಿ ಬೌದ್ಧ ವಿಹಾರ, ಬರೆದ ಭಾಷೆ ಪ್ರಾಕೃತ. ಒಂದೇ ಕಲ್ಲಿನಲ್ಲಿ ಇಷ್ಟು ಸಂಗತಿ ಇರುವಾಗ ಅನ್ಯಗ್ರಹದವರನ್ನು ಕರೆಯುವ ಅವಸರ ಯಾರಿಗಿದೆಯೋ ನನಗೆ ತಿಳಿಯದು.

ಕಲ್ಲು ನೋಡಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಒಳಗಡೆಯಾದರೆ ಬ್ಯಾಟರಿಯನ್ನು ಪಕ್ಕದಿಂದ ಹಿಡಿಯಿರಿ. ಮಧ್ಯಾಹ್ನ ಏನೂ ಇಲ್ಲವೆಂದು ಕಂಡ ಕಡೆ ಸಂಜೆ ಐದಕ್ಕೆ ಅಕ್ಷರಗಳು ಮೇಲೆದ್ದು ನಿಲ್ಲುತ್ತವೆ. ಕಾಲೇಜಿನ ದಿನಗಳಲ್ಲಿ ನಾನು ಬೆಟ್ಟದ ಒಂದು ಕಲ್ಲಿಗೆ ರಂಗೋಲಿ ಹುಡಿ ತಿಕ್ಕಿ, ‘ಸ್ವಸ್ತಿ’ ಎಂದು ಶುರುವಾಗುವ ಸಾಲನ್ನು ಓದಿಯೇಬಿಟ್ಟೆನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಆಮೇಲೆ ಶಾಸನ ಬಲ್ಲ ಹಿರಿಯರು ಬಂದು ನೀರು ಹಾಕಿ ತೊಳೆದಾಗ ಅಲ್ಲಿ ಉಳಿದದ್ದು ಉಳಿಯ ಗೀರುಗಳು ಮಾತ್ರ. ಅಕ್ಷರಗಳನ್ನು ಮಾಡಿದ್ದು ನನ್ನ ಬೆರಳು. ಹುಡಿ, ಎಣ್ಣೆ, ಅರಿಶಿನ, ತಂತಿಯ ಬ್ರಷ್ ಯಾವುದೂ ಬೇಡ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ಕಲ್ಲಿನ ಜೊತೆಗೆ ಸುತ್ತಲಿನ ಜಾಗದ ಚಿತ್ರವನ್ನೂ ತೆಗೆಯಿರಿ.

ತೀರ್ಪನ್ನು ಮೆಟ್ಟಿಲುಗಳಲ್ಲಿ ಬರೆಯಿರಿ

ಎಲ್ಲವನ್ನೂ ನಿಜ, ಸುಳ್ಳು ಎಂಬ ಎರಡೇ ಬುಟ್ಟಿಗೆ ಹಾಕಲಾಗದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್‌ನಲ್ಲಿ, 2ನೆಯ ಶತಮಾನದ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲತೀರದ ಅರಸನೊಬ್ಬನೂ ಅವನ ಜನರೂ ಅದರಲ್ಲಿ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ. ಆ ಮಾತು ಕನ್ನಡ ಎಂದು ಮೊದಲು ಸೂಚಿಸಿದವರು ಜರ್ಮನ್ ಶಾಸನತಜ್ಞ ಹುಲ್ಟ್ಜ್. ಆಮೇಲೆ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಬೆಳೆಸಿದರು. ಬರಿಯ ಅರ್ಥವಿಲ್ಲದ ಸದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಪಪೈರಸ್ ನಿಜ, ಸಿಕ್ಕ ಜಾಗ ಗೊತ್ತಿದೆ, ಕಾಲ ಗೊತ್ತಿದೆ. ಓದು ಮಾತ್ರ ಚರ್ಚೆಯಲ್ಲಿದೆ. ಇದನ್ನು ‘ಸಾಧ್ಯ, ಸಾಧಿತವಲ್ಲ’ ಎಂಬ ಮೆಟ್ಟಿಲಿನಲ್ಲಿ ಇಡಬೇಕು. 1ನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಬರುವ ದ್ವೀಪಗಳನ್ನು ಕಾರವಾರದ ಎದುರಿನ ಅಂಜದೀವ ಮತ್ತು ಮುರ್ಡೇಶ್ವರದ ಎದುರಿನ ನೇತ್ರಾಣಿ ಎಂದು ಕೆಲವರು ಗುರುತಿಸಿದ್ದೂ ಅದೇ ಮೆಟ್ಟಿಲಿನದು. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಹೆಸರಿಸುವ ‘ಬನೌಆಸೆಯಿ’ ನಮ್ಮ ಬನವಾಸಿಯೇ ಎಂಬುದು ಒಂದು ಮೆಟ್ಟಿಲು ಮೇಲಿನದು. ಸಹಸ್ರಲಿಂಗದ ಹನ್ನೆರಡು ಸಾವಿರ ವರ್ಷ ಮೆಟ್ಟಿಲನ್ನೇ ಹತ್ತುವುದಿಲ್ಲ.

ಮುಚ್ಚಿಟ್ಟಿದ್ದಾರೆ ಎಂಬ ಐದನೆಯ ಸಾಲಿಗೆ ಹೆಚ್ಚು ಜಾಗ ಬೇಡ. ಟರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಕ್ಲಾಸ್ ಶ್ಮಿಟ್ 1995ರಿಂದ ಅಗೆದು, ಕ್ರಿ.ಪೂ. 9500ರ ಸುಮಾರಿಗೇ ಬೇಟೆಯಾಡಿ ಬದುಕುತ್ತಿದ್ದ ಜನ ಅಷ್ಟು ದೊಡ್ಡ ಕಂಬಗಳನ್ನು ನಿಲ್ಲಿಸಿದ್ದರು ಎಂದು ತೋರಿಸಿದಾಗ, ಅದು ಪಠ್ಯಪುಸ್ತಕಗಳನ್ನೇ ತಿದ್ದಿತು. ಅವರನ್ನು ಯಾರೂ ಬಾಯಿ ಮುಚ್ಚಿಸಲಿಲ್ಲ.

ನಿಮಗೇ ಏನಾದರೂ ಸಿಕ್ಕರೆ

ತೋಟಕ್ಕೆ ಕಾದಿಗೆ ತೋಡುವಾಗ, ಬಾವಿ ತೆಗೆಯುವಾಗ ಕಲ್ಲೋ ನಾಣ್ಯವೋ ತಾಮ್ರಪಟವೋ ಸಿಗುವುದು ನಮ್ಮ ಕಡೆ ಅಪರೂಪವಲ್ಲ. ಕೂಡಲೇ ಹಾರೆ ನಿಲ್ಲಿಸಿ, ಎತ್ತಬೇಡಿ, ತೊಳೆಯಬೇಡಿ. ಇದ್ದ ಹಾಗೆಯೇ ಚಿತ್ರ ತೆಗೆದು, ನೆಲದಿಂದ ಎಷ್ಟು ಆಳ ಎಂದು ಅಳೆದು, ಸುತ್ತಲಿನ ಮಣ್ಣಿನ ಬಣ್ಣ ಬರೆದುಕೊಂಡು, ತಹಶೀಲ್ದಾರರಿಗೆ ತಿಳಿಸಿ. ರಾಜ್ಯದ ಪುರಾತತ್ವ ಇಲಾಖೆಗೂ, ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೂ ಬರೆಯಬಹುದು. ನೂರು ವರ್ಷ ದಾಟಿದ ಕೆತ್ತನೆ, ನಾಣ್ಯಗಳೂ ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ 1972ರ ಕಾಯ್ದೆಯ ಪ್ರಕಾರ ಪುರಾವಸ್ತುಗಳು. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಎಂಬುದೂ ನೆನಪಿರಲಿ.

ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಲಿಖಿತ ಸೂಚನೆ ಕೊಡಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ಸೂಚನೆಯಲ್ಲಿ ಬರೆಯಬೇಕಾದದ್ದು, ಸಿಕ್ಕ ವಸ್ತು ಎಂಥದ್ದು, ಅಂದಾಜು ಬೆಲೆ ಎಷ್ಟು, ಯಾವ ಜಾಗದಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಎಂದು. ಅದರ ಪಕ್ಕದಲ್ಲಿ ಇನ್ನೇನಿತ್ತು ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ಅದನ್ನು ಕೆಳಗೆ ಒಂದು ಸಾಲಿನಲ್ಲಿ ನೀವಾಗಿಯೇ ಸೇರಿಸಿ ಬರೆಯಿರಿ, ಕಂಡದ್ದಾದರೆ ‘ಇತ್ತು’ ಎಂದು, ಆಳುಗಳು ಹೇಳಿದ್ದಾದರೆ ‘ಇತ್ತಂತೆ’ ಎಂದು.